ದಿನಕ್ಕೆ ನೂರು ಸಲ ಅಮ್ಮ

ಸೆಪ್ಟೆಂಬರ್ ೪

ಅಕ್ಕಾ,

ಪಾಸಾದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದ ತಿರುಗಿಸಿ ಕೊನೆಯ ಸಾಲನ್ನೇ ಮೊದಲು ಓದುವವಳು. ಕಟ್ಟಿಸುವ ಹಲ್ಲು ತಯಾರಿಸುವ ವಿದ್ಯೆಯಲ್ಲಿ ನಿನ್ನ ತಂಗಿ ಈಗ ಸರ್ಟಿಫಿಕೇಟು ಇರುವವಳು. ಭಾವನಿಗೆ ಹೇಳು, ಅವರ ಆ ಅಲ್ಲಾಡುವ ದವಡೆ ಹಲ್ಲನ್ನು ಇನ್ನೆರಡು ವರ್ಷ ಹೇಗಾದರೂ ಹಿಡಿದಿಟ್ಟುಕೊಂಡಿರಲಿ, ಆಮೇಲೆ ನಾನೇ ಕಟ್ಟಿಕೊಡುತ್ತೇನೆ.

ಇನ್ನು ಅಸಲು ವಿಷಯ. ಓದು ಮುಗಿಸಿದವರಿಗೆ ಕೆಲಸ ಹುಡುಕಿಕೊಳ್ಳಲು ಇಲ್ಲಿ ಒಂದು ವರ್ಷ ಕೊಡುತ್ತಾರೆ. ಬರುವ ಆಗಸ್ಟ್ ಮೂವತ್ತೊಂದರೊಳಗೆ ಕೆಲಸ ಸಿಗಬೇಕು, ಅದೂ ನಾನು ಕಲಿತ ಕೆಲಸವೇ. ಸಿಕ್ಕರೆ ಇರಬಹುದು, ನನ್ನ ಪುಟ್ಟ ಕಡ್ಡಿಯನ್ನೂ ಇಲ್ಲಿಗೆ ಕರೆಸಿಕೊಳ್ಳಬಹುದು. ಸಿಗದಿದ್ದರೆ ಗಂಟುಮೂಟೆ ಕಟ್ಟುವುದೇ. ಅವಳಪ್ಪ ಬೇರೆ ಸಂಸಾರ ಹೂಡಿಕೊಂಡು ಹೋದ ದಿನ ನಿನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದೆನಲ್ಲ, ನನ್ನ ಮಗಳನ್ನು ಯಾರ ಮುಂದೆಯೂ ಕೈಚಾಚದ ಹಾಗೆ ಸಾಕುತ್ತೇನೆ ಅಂತ. ಆ ಮಾತಿಗೆ ಈಗ ಒಂದು ತಾರೀಖು ಬಂದಿದೆ.

ಮೊನ್ನೆ ಮೊದಲ ಸಂದರ್ಶನ ಆಯಿತು. ಚೆನ್ನಾಗಿಯೇ ಮಾಡಿದೆ. ಏಳುವಾಗ, ನಾವು ಎಲ್ಲಿಂದ ಹೊರಟರೂ ಹೇಳುವ ಹಾಗೆ, ‘ಬರ್ತೀನಿ’ ಅಂದುಬಿಟ್ಟೆ, ಅವರ ಭಾಷೆಯಲ್ಲಿ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬರು ಬಹಳ ಮೃದುವಾಗಿ, ನಾವಿನ್ನೂ ಬಾ ಅಂತ ಹೇಳಿಲ್ಲವಲ್ಲ, ಅಂದರು. ಹೋಗ್ತೀನಿ ಅನ್ನುವುದಕ್ಕೆ ನನ್ನ ನಾಲಿಗೆ ಹೊರಳುವುದೇ ಇಲ್ಲವಲ್ಲ, ಏನು ಮಾಡಲಿ. ಆ ಕೆಲಸ ಸಿಗಲಿಲ್ಲ.

ಫೋನು ನಿಲ್ಲಿಸಿದ್ದು ಒಳ್ಳೆಯದೇ ಇರಬಹುದು. ಫೋನಿನಲ್ಲಿ ನನ್ನ ಮುಖ ಕಂಡಾಗಲೆಲ್ಲ ಕಡ್ಡಿ ಫೋನಿನ ಹಿಂದೆ, ಮಂಚದ ಕೆಳಗೆಲ್ಲ ಹುಡುಕಿ, ಅತ್ತು, ಜ್ವರ ಬರಿಸಿಕೊಳ್ಳುತ್ತಾಳೆ ಅಂತ ನೀನು ಹೇಳಿದ ಮೇಲೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ. ನಿನ್ನೊಬ್ಬಳ ಹತ್ತಿರ ಮಾತಾಡೋಣ ಅಂದರೆ ಅವಳು ನಿನ್ನನ್ನು ಬಿಡುವುದು ನಿದ್ದೆಯಲ್ಲಿ ಮಾತ್ರ, ಆ ಹೊತ್ತಿಗೆ ನಾನು ಹೊರಗೆ. ಮೆಸೇಜು ನಿನಗೆ ಆಗಿಬರುವುದಿಲ್ಲ, ಕಾಗದವೇ ಸರಿ. ಆದರೆ ಅವಳ ದನಿ ಕೇಳಿ ಮೂರು ತಿಂಗಳಾಯಿತು, ಅಕ್ಕ. ಅವಳನ್ನು ಬಿಟ್ಟು ಬರುವಾಗ ಒಂದೂವರೆ ವರ್ಷ, ಈಗ ಮೂರೂವರೆ. ನನ್ನ ನೆನಪಿದೆಯಾ ಅವಳಿಗೆ? ಇದ್ದದ್ದು ಇದ್ದ ಹಾಗೆ ಬರಿ.

ನಿನ್ನ ತಂಗಿ


ಸೆಪ್ಟೆಂಬರ್ ೨೭

ತಂಗಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಕೊನೆಯ ಸಾಲನ್ನೇ ಮೊದಲು ಓದಿದೆ, ಆಮೇಲೆ ಮೇಲಿಂದ ಓದಿ ಬೈಸಿಕೊಂಡೆ. ಪಾಸಾಗಿದ್ದು ಕೇಳಿ ನಿನ್ನ ಭಾವ ಡಿಪೋದಲ್ಲಿ ಎಲ್ಲರಿಗೂ ಚಹಾ ಕುಡಿಸಿದರಂತೆ. ಬಸ್ಸಿನ ಟೈರು ಬದಲಾಯಿಸುವವರಿಗೆಲ್ಲ ಈಗ ನಿನ್ನ ಹಲ್ಲಿನ ವಿಷಯ ಗೊತ್ತು.

ನಾನು ಚೆನ್ನಾಗಿದ್ದೇನೆ. ಶಾಲೆಯ ಯೂನಿಫಾರಂ ಹೊಲಿಗೆ ಈ ಸಲ ಎರಡು ಶಾಲೆಯಿಂದ ಬಂದಿದೆ, ಮಿಷನ್ನಿನಿಂದ ಏಳುವುದಕ್ಕೆ ಪುರುಸೊತ್ತಿಲ್ಲ. ಕಡ್ಡಿ ಕಾಲ ಬುಡದಲ್ಲೇ ಕೂತು ಗುಂಡಿಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸುತ್ತಾಳೆ. ಹೆಸರಿಗೆ ತಕ್ಕ ಹಾಗೆ ಇನ್ನೂ ಕಡ್ಡಿಯೇ, ಎಷ್ಟು ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ. ಮಾತು ಮಾತ್ರ ಮಣಗಟ್ಟಲೆ. ಬೆಕ್ಕಿಗೆ ಯಾಕೆ ಜೇಬಿಲ್ಲ, ನಲ್ಲಿಯ ನೀರು ರಾತ್ರಿ ಎಲ್ಲಿ ಮಲಗುತ್ತೆ, ಇಂಥವೇ. ತಲೆ ತಿಂದುಬಿಡುತ್ತಾಳೆ.

ನೆನಪಿದೆಯಾ ಅಂತ ಕೇಳಿದ್ದೀಯ. ಈಗೀಗ ದಿನಕ್ಕೆ ನೂರು ಸಲ ಅಮ್ಮ, ಅಮ್ಮ ಅಂತಾಳೆ. ಎದ್ದರೆ ಅಮ್ಮ, ಬಿದ್ದರೆ ಅಮ್ಮ.

ಬೇರೆ ಏನಂದರೆ, ಹಿತ್ತಿಲ ಬಾಗಿಲು ಹೊಸದು ಹಾಕಿಸಿದೆವು. ಹಳೆಯದಕ್ಕೆ ಗೆದ್ದಲು ಹಿಡಿದಿತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಸ್ವೆಟರು ಹಾಕಿಕೋ.

ಅಕ್ಕ


ಅಕ್ಟೋಬರ್ ೧೯

ಅಕ್ಕಾ,

ನಿನ್ನ ಕಾಗದವನ್ನು ಬಸ್ ಸ್ಟಾಪಿನ ಬೆಂಚಿನ ಮೇಲೆ ಓದಿದೆ. ‘ದಿನಕ್ಕೆ ನೂರು ಸಲ ಅಮ್ಮ’ ಅನ್ನುವ ಕಡೆ ಬಂದು ನಿಂತುಬಿಟ್ಟೆ. ಎರಡು ಬಸ್ಸು ಬಂದು ಹೋದವು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಏನೂ ಕೇಳದೆ ಕಾಗದದ ಕರವಸ್ತ್ರ ಕೊಟ್ಟರು. ದುಃಖದ ಸುದ್ದಿ ಅಂದುಕೊಂಡರೋ ಏನೋ. ನಾನು ಅಳುತ್ತಲೇ ನಗುತ್ತಿದ್ದೆ. ಇಷ್ಟು ದಿನ ನನಗೆ ಇದ್ದ ಹೆದರಿಕೆ ಅದೊಂದೇ, ಅವಳು ಮರೆತುಬಿಟ್ಟಿದ್ದರೆ ಅಂತ. ಮುಖ ಕಾಣಿಸದಿದ್ದರೂ, ದನಿ ಕೇಳಿಸದಿದ್ದರೂ, ಬಿದ್ದಾಗ ನನ್ನನ್ನೇ ಕೂಗುತ್ತಾಳಲ್ಲ.

ಆ ಹುರುಪಿನಲ್ಲಿ ಈ ತಿಂಗಳು ಮೂವತ್ತೊಂದು ಅರ್ಜಿ ಹಾಕಿದ್ದೇನೆ. ಐದು ಕಡೆ ಕರೆದರು. ಎಲ್ಲ ಕಡೆ ಒಂದೇ ಪ್ರಶ್ನೆ: ಇಲ್ಲಿ ಕೆಲಸ ಮಾಡಿದ ಅನುಭವ ಇದೆಯಾ? ಕೆಲಸ ಕೊಟ್ಟರೆ ತಾನೇ ಅನುಭವ ಬರುವುದು. ಒಬ್ಬರು ನನ್ನ ಹೆಸರನ್ನು ಮೂರು ಸಲ ಪ್ರಯತ್ನಪಟ್ಟು, ಆಮೇಲೆ ಸಂದರ್ಶನ ಮುಗಿಯುವವರೆಗೆ ‘ನೀವು’ ಅಂತಲೇ ಸಾಗಿಸಿದರು. ಇನ್ನೊಂದು ಕಡೆ ಬಹಳ ಹೊಗಳಿದರು, ಕೈಕುಲುಕಿದರು, ಬಾಗಿಲವರೆಗೆ ಬಂದರು. ಇಷ್ಟು ಮರ್ಯಾದೆ ಮಾಡಿದ ಮೇಲೆ ಕೆಲಸ ಸಿಕ್ಕಂತೆಯೇ ಅಂದುಕೊಂಡು ಬೀದಿ ಕೊನೆಯಲ್ಲಿ ಒಂದು ಬನ್ನು ಕೊಂಡು ತಿಂದೆ. ಮಾರನೆಯ ದಿನ ಬೆಳಿಗ್ಗೆಯೇ ಇಲ್ಲ ಅಂತ ಬಂತು. ಇಲ್ಲಿ ಇಲ್ಲ ಅನ್ನುವವರೇ ಹೆಚ್ಚು ನಗುವುದು ಅಂತ ಈಗ ತಿಳಿಯಿತು.

ನನ್ನ ಕೋಣೆ ಬಟ್ಟೆ ಒಗೆಯುವ ಅಂಗಡಿಯ ಮೇಲೆ. ನೆಲ ಹಗಲೆಲ್ಲ ಸಣ್ಣಗೆ ನಡುಗುತ್ತದೆ. ಮೇಜಿನ ಮೇಲೆ ಮೇಣದ ಗಟ್ಟಿ ಇಟ್ಟುಕೊಂಡು ದಿನಾ ಒಂದೊಂದು ಹಲ್ಲು ಕೆತ್ತುತ್ತೇನೆ, ಕೈ ಮರೆಯಬಾರದಲ್ಲ.

ಒಂದು ಉಪಕಾರ ಮಾಡು. ಜೊತೆಗಿರುವ ಫೋಟೋ ಅವಳಿಗೆ ತೋರಿಸು. ಅಮ್ಮ ಅಂದಾಗ ಇದನ್ನು ಕೈಗೆ ಕೊಡು. ಏನಂದಳು ಅಂತ ಬರಿ.

ನಿನ್ನ ತಂಗಿ


ಜನವರಿ ೧೧

ತಂಗಿಗೆ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಾಗದವೂ ಫೋಟೋವೂ ಬಂದವು. ಕಡ್ಡಿಗೆ ನೆಗಡಿ ಕೆಮ್ಮು ಹಿಡಿದು ಹದಿನೈದು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಈಗ ಗುಂಡುಕಲ್ಲಿನ ಹಾಗಿದ್ದಾಳೆ, ಚಿಂತೆ ಬೇಡ.

ಫೋಟೋ ತೋರಿಸಿದೆ. ಚೆನ್ನಾಗಿದ್ದಾರೆ ಅಂದಳು.

ಕೆಲಸದ ವಿಷಯ ಏನಾಯಿತು? ಅಕ್ಕಪಕ್ಕದವರು ಕೇಳುತ್ತಾರೆ. ನಾನು, ನೋಡುತ್ತಿದ್ದಾಳೆ ಅನ್ನುತ್ತೇನೆ. ಸಿಗದಿದ್ದರೆ ಎದೆಗೆಡಬೇಡ. ನಿನಗೆ ಇಲ್ಲಿ ಒಂದು ಮನೆ ಇದೆ. ನಿನ್ನನ್ನು ಏಳನೆಯ ವಯಸ್ಸಿನಿಂದ ಬೆಳೆಸಿದವಳು ನಾನು, ಇನ್ನೊಂದು ತಟ್ಟೆ ಇಡುವುದು ನನಗೆ ಭಾರವಲ್ಲ.

ಅಕ್ಕ


ಫೆಬ್ರವರಿ ೨

ಅಕ್ಕಾ,

‘ಚೆನ್ನಾಗಿದ್ದಾರೆ’ ಅಂದಳಾ? ದೊಡ್ಡವರ ಹಾಗೆ ಮರ್ಯಾದೆ ಕೊಟ್ಟು? ಯಾರು ಕಲಿಸಿದರು ಅವಳಿಗೆ ಇಷ್ಟು ಬಹುವಚನ? ಭಾವನೇ ಇರಬೇಕು. ತಾಯಿಗೆ ಬಹುವಚನ ಬೇಡ ಅಂತ ಹೇಳು, ನಾನೇನು ಹೆಡ್‌ಮಿಸ್ಟ್ರೆಸ್ಸಾ.

ಈಗ ಕೇಳು. ಕೆಲಸ ಸಿಕ್ಕಿತು. ನಾಲ್ಕು ಜನ ಹಲ್ಲಿನ ಡಾಕ್ಟರು ಸೇರಿ ನಡೆಸುವ ದೊಡ್ಡ ಕ್ಲಿನಿಕ್ಕು. ಗಾಜಿನ ಬಾಗಿಲು, ಬಿಳಿ ಗೋಡೆ, ಒಳಗೆ ಕಾಲಿಟ್ಟರೆ ಲವಂಗದ ಎಣ್ಣೆಯ ವಾಸನೆ. ಅಲ್ಲಿಯ ಒಂದೊಂದು ಉಪಕರಣವೂ ನನ್ನ ಕೈ ದಾಟಿಯೇ ಡಾಕ್ಟರ ಕೈಗೆ ಹೋಗಬೇಕು. ಸದ್ಯಕ್ಕೆ ಇಷ್ಟು. ಕಾಗದಪತ್ರದ ಕೆಲಸ ಇನ್ನೂ ಬಾಕಿ ಇದೆ, ಆದ್ದರಿಂದ ಕಡ್ಡಿಯನ್ನು ಕರೆಸುವ ವಿಷಯ ಆಮೇಲೆ ಬರೆಯುತ್ತೇನೆ.

ನಿನ್ನ ತಂಗಿ


ಫೆಬ್ರವರಿ ೨೪

ತಂಗಿಗೆ,

ಸಂತೋಷವಾಯಿತು. ಎದುರು ಮನೆಯವರಿಗೆ, ಬಟ್ಟೆ ಕೊಡುವ ಮೇಷ್ಟರಿಗೆ, ಎಲ್ಲರಿಗೂ ಹೇಳಿದೆ. ನಮ್ಮ ಹುಡುಗಿ ಹೊರದೇಶದಲ್ಲಿ ಹಲ್ಲಿನ ಆಸ್ಪತ್ರೆಯಲ್ಲಿದ್ದಾಳೆ ಅಂದರೆ ಈಗ ನನಗೂ ಒಂದು ಕುರ್ಚಿ ಹೆಚ್ಚು ಹಾಕುತ್ತಾರೆ.

ಕರೆಸುವ ವಿಷಯ ಆಮೇಲೆ ಅಂದಿದ್ದೀಯ. ಅವಸರವಿಲ್ಲ. ನನಗೆ ಕೆಲವು ಕೇಳಬೇಕಾಗಿದೆ, ಅಷ್ಟೆ. ಅಲ್ಲಿ ಚಳಿ ಎಷ್ಟು? ನೀನು ಕೆಲಸಕ್ಕೆ ಹೋದರೆ ಅವಳನ್ನು ಯಾರು ನೋಡಿಕೊಳ್ಳುತ್ತಾರೆ? ಅವಳು ಹಾಲನ್ನು ಲೋಟದಲ್ಲಿ ಕುಡಿಯುವುದಿಲ್ಲ, ನೀಲಿ ಬಟ್ಟಲೇ ಆಗಬೇಕು. ಮಲಗುವಾಗ ನನ್ನ ಕಿವಿಯ ತುದಿ ಹಿಡಿದುಕೊಳ್ಳದೆ ನಿದ್ದೆ ಬರುವುದಿಲ್ಲ. ಅವಳ ಭಾಷೆ ಅಲ್ಲಿ ಯಾರಿಗೆ ಬರುತ್ತದೆ? ಅವಳಿಗೆ ಹೊಟ್ಟೆನೋವು ಬಂದರೆ ‘ಹೊಟ್ಟೆಯೊಳಗೆ ಯಾರೋ ನಡೀತಿದಾರೆ’ ಅನ್ನುತ್ತಾಳೆ, ಅದು ಹೊಟ್ಟೆನೋವು ಅಂತ ತಿಳಿಯುವುದಕ್ಕೆ ನನಗೇ ಎರಡು ತಿಂಗಳು ಬೇಕಾಯಿತು.

ಬೇಡ ಅನ್ನುತ್ತಿಲ್ಲ. ತಿಳಿದಿರಲಿ ಅಂತ ಬರೆದೆ.

ಅಕ್ಕ


ಮಾರ್ಚ್ ೨೦

ಅಕ್ಕಾ,

ನಿನಗೆ ಒಂದು ಸುಳ್ಳು ಬರೆದಿದ್ದೆ. ಸುಳ್ಳೂ ಅಲ್ಲ, ಅರ್ಧ. ಆ ಕ್ಲಿನಿಕ್ಕಿನಲ್ಲಿ ನಾನು ಗುಡಿಸಿ ಒರೆಸುವವಳು. ಉಪಕರಣಗಳು ನನ್ನ ಕೈ ದಾಟಿ ಹೋಗುವುದು ನಿಜ, ತೊಳೆಯುವ ತೊಟ್ಟಿಯಿಂದ. ಈ ಕೆಲಸಕ್ಕೆ ಇರುವ ಅನುಮತಿ ಆಗಸ್ಟ್‌ವರೆಗೆ ಮಾತ್ರ, ಇದನ್ನು ತೋರಿಸಿ ಕಡ್ಡಿಯನ್ನು ಕರೆಸುವ ಹಾಗಿಲ್ಲ. ನೀನು ಊರಿಗೆಲ್ಲ ಹೇಳಿದೆ ಅಂತ ಓದಿ ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಬೈಯ್ಯಬೇಕಾದರೆ ಬೈದುಬಿಡು.

ಆದರೆ ಒಂದು ಸಂಗತಿ ನಡೆಯಿತು. ಸೋಮವಾರ ತಟ್ಟೆಗಳನ್ನು ಒರೆಸುತ್ತಿದ್ದೆ. ಲ್ಯಾಬಿನಿಂದ ಒಬ್ಬ ಮುದುಕರ ಹಲ್ಲಿನ ಸೆಟ್ಟು ಬಂದಿತ್ತು, ಪಕ್ಕದಲ್ಲಿ ಅವರ ದವಡೆಯ ಅಚ್ಚು. ಮೇಲಿನದಕ್ಕೂ ಕೆಳಗಿನದಕ್ಕೂ ತಾಳೆಯೇ ಇಲ್ಲ. ಮೇಲಿನ ಅಚ್ಚು ಬೇರೆ ಯಾರದ್ದೋ. ಬಾಯಿ ಮುಚ್ಚಿಕೊಂಡು ಒರೆಸಬೇಕಿತ್ತು. ಆಗಲಿಲ್ಲ. ನರ್ಸಿಗೆ ಹೇಳಿದೆ, ಅವಳು ಡಾಕ್ಟರಿಗೆ ಹೇಳಿದಳು, ಡಾಕ್ಟರು ಲ್ಯಾಬಿಗೆ ಫೋನು ಮಾಡಿದರು. ಮಧ್ಯಾಹ್ನ ಲ್ಯಾಬಿನ ಯಜಮಾನಿಯೇ ಬಂದರು. ದಪ್ಪ ಕನ್ನಡಕ, ಬೆರಳುಗಳ ತುಂಬ ಗಚ್ಚು. ಯಾರು ನೋಡಿದ್ದು ಅಂತ ಕೇಳಿದರು. ಎಲ್ಲರೂ ನನ್ನ ಕೈಯಲ್ಲಿದ್ದ ಬಕೆಟ್ಟನ್ನು ತೋರಿಸಿದರು.

ಶುಕ್ರವಾರ ಅವರ ಲ್ಯಾಬಿಗೆ ಹೋಗಿದ್ದೆ. ಒಂದು ಮೇಣದ ಗಟ್ಟಿ ಕೊಟ್ಟು, ಕೆಳದವಡೆಯ ಆರನೆಯ ಹಲ್ಲು ಕೆತ್ತು ಅಂದರು. ಕೆತ್ತಿದೆ. ತಿರುಗಿಸಿ ತಿರುಗಿಸಿ ನೋಡಿ, ಕೈಯಲ್ಲಿ ಒತ್ತಿ ಮುದ್ದೆ ಮಾಡಿ, ಇನ್ನೊಂದು ಕೆತ್ತು ಅಂದರು. ಹೀಗೆ ನಾಲ್ಕು ಸಲ. ಐದನೆಯದನ್ನು ಮುದ್ದೆ ಮಾಡದೆ ಕಿಟಕಿಯ ಮೇಲೆ ಇಟ್ಟರು. ತಿಳಿಸುತ್ತೇನೆ ಅಂದರು. ನಗಲಿಲ್ಲ, ಅದೇ ನನಗೆ ಆಸೆ ಹುಟ್ಟಿಸಿದೆ.

ಕಡ್ಡಿ ಈಗಲೂ ನೂರು ಸಲ ಅನ್ನುತ್ತಾಳಾ?

ನಿನ್ನ ತಂಗಿ


ಮೇ ೬

ಅಕ್ಕಾ,

ನೀನು ಬೈಯ್ಯಲೂ ಇಲ್ಲ, ಬರೆಯಲೂ ಇಲ್ಲ. ಕೋಪವಾ? ಇರಲಿ, ಇದನ್ನು ಕೇಳಿದರೆ ಕೋಪ ಇಳಿಯುತ್ತದೆ.

ಸಿಕ್ಕಿತು. ಈ ಸಲ ಅರ್ಧ ಅಲ್ಲ, ಪೂರ್ತಿ. ಆ ಲ್ಯಾಬಿನಲ್ಲೇ, ಟೆಕ್ನೀಷಿಯನ್ ಅಂತ. ನನಗೆ ಅಂತ ಒಂದು ಮೇಜು, ಒಂದು ದೀಪ, ಸಣ್ಣ ಚಾಕುಗಳ ಒಂದು ಪೆಟ್ಟಿಗೆ. ಯಜಮಾನಿ ಸೈನು ಹಾಕಿ ಕೊಟ್ಟ ಕಾಗದವನ್ನು ನಾಲ್ಕು ಸಲ ಓದಿದೆ, ಎಲ್ಲಾದರೂ ‘ಆದರೆ’ ಇದೆಯಾ ಅಂತ. ಇರಲಿಲ್ಲ. ಇಲ್ಲಿರುವ ಅನುಮತಿ ಮುಂದುವರಿಯಿತು, ಕಡ್ಡಿಗೂ ಅರ್ಜಿ ಹಾಕಿಯಾಯಿತು. ಬಾಡಿಗೆಗೆ ಬೇರೆ ಮನೆ ನೋಡಿದ್ದೇನೆ, ಎರಡು ಕೋಣೆ. ಕಿಟಕಿಯಿಂದ ಬಾಲವಾಡಿಯ ಜಾರುಬಂಡಿ ಕಾಣಿಸುತ್ತದೆ.

ಬೇಕಾದ ಕಾಗದಗಳನ್ನೆಲ್ಲ ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ: ಅವಳ ಜನನಪತ್ರ, ಅವಳಪ್ಪ ಹಕ್ಕು ಬಿಟ್ಟುಕೊಟ್ಟ ಬಗ್ಗೆ ಕೋರ್ಟಿನ ಆದೇಶ, ನನ್ನ ಒಪ್ಪಿಗೆ. ನೀನು ಅವಳನ್ನು ವೀಸಾ ಕಚೇರಿಗೆ ಒಂದು ಸಲ ಕರೆದುಕೊಂಡು ಹೋದರೆ ಆಯಿತು. ಅವಳನ್ನು ನೋಡಿ, ಒಂದೆರಡು ಮಾತು ಕೇಳುತ್ತಾರಂತೆ. ಬರೀ ಶಾಸ್ತ್ರಕ್ಕೆ.

ಅಕ್ಕ, ಇದನ್ನೆಲ್ಲ ನೀನಿಲ್ಲದೆ ಮಾಡುವುದಕ್ಕಾಗುತ್ತಿರಲಿಲ್ಲ. ಮುಖಾಮುಖಿ ಹೇಳಲು ನನಗೆ ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ತಂಗಿ


ಮೇ ೨೯

ತಂಗಿಗೆ,

ಕಾಗದಗಳು ಬಂದವು. ಜೂನ್ ಹದಿನಾರಕ್ಕೆ ಬರಲು ಹೇಳಿದ್ದಾರೆ. ಕರೆದುಕೊಂಡು ಹೋಗುತ್ತೇನೆ.

ಗುಡಿಸುವುದು ನಾಚಿಕೆಯ ಕೆಲಸವಲ್ಲ. ನನಗೆ ಕೋಪ ಇರಲಿಲ್ಲ.

ಅಕ್ಕ


ಜೂನ್ ೧೮

ತಂಗಿಗೆ,

ನಿನಗೆ ವೀಸಾ ಕಚೇರಿಯಿಂದ ಒಂದು ಕಾಗದ ಬರುತ್ತದೆ. ಅದಕ್ಕಿಂತ ಮೊದಲು ನನ್ನದು ಸಿಗಲಿ ಅಂತ ಬರೆಯುತ್ತಿದ್ದೇನೆ.

ನಾವು ಹೋದೆವು. ಒಂದೂವರೆ ಗಂಟೆ ಕೂತೆವು. ಕಡ್ಡಿ ಹೊಸ ಫ್ರಾಕು ಹಾಕಿಕೊಂಡಿದ್ದಳು, ನಾನೇ ಹೊಲಿದದ್ದು. ಗಾಜಿನ ಆಚೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ನಮ್ಮ ಮಾತು ಬಲ್ಲ ಒಂದು ಹುಡುಗಿ. ಹೆಸರು ಕೇಳಿದರು, ಹೇಳಿದಳು. ವಯಸ್ಸು ಕೇಳಿದರು, ನಾಲ್ಕು ಬೆರಳು ತೋರಿಸಿದಳು. ಆಮೇಲೆ ಆ ಹುಡುಗಿ, ನಿನ್ನಮ್ಮ ಎಲ್ಲಿದ್ದಾರೆ ಪುಟ್ಟಾ, ಅಂತ ಕೇಳಿದಳು. ಕಡ್ಡಿ ನಕ್ಕಳು. ಇದೇನು ಪ್ರಶ್ನೆ ಅನ್ನುವ ಹಾಗೆ ನನ್ನ ತೋಳು ಹಿಡಿದುಕೊಂಡು ‘ಇಲ್ಲೇ ಇದಾರಲ್ಲ’ ಅಂದಳು. ನಿನ್ನ ಫೋಟೋ ತೋರಿಸಿ, ಇವರು ಯಾರು ಅಂದರು. ‘ಚಿಕ್ಕಮ್ಮ’ ಅಂದಳು.

ನಾನು ಬಾಯಿ ಬಿಡಲಿಲ್ಲ. ಅಲ್ಲ ಮಗಾ, ನಾನು ದೊಡ್ಡಮ್ಮ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅಧಿಕಾರಿ ಬರೆದುಕೊಳ್ಳುವವರೆಗೂ ಸುಮ್ಮನೆ ಕೂತಿದ್ದೆ. ಅವರೇ ನನ್ನನ್ನು ಕೇಳಿದ ಮೇಲೆ, ನಾನು ತಾಯಿಯ ಅಕ್ಕ ಅಂದೆ. ಆ ಹೊತ್ತಿಗೆ ಅವರ ಮುಖ ಬದಲಾಗಿತ್ತು. ಜನನಪತ್ರ ಇದ್ದರೂ ತಾಯಿ ಯಾರು ಅನ್ನುವುದೇ ಸ್ಪಷ್ಟವಿಲ್ಲ, ತೊಂಬತ್ತು ದಿನದೊಳಗೆ ರಕ್ತಪರೀಕ್ಷೆಯ ಪುರಾವೆ ತಂದರೆ ಮತ್ತೆ ನೋಡುತ್ತೇವೆ ಅಂದರು.

ಹೇಗಾಯಿತು ಅಂತ ಕೇಳುತ್ತೀಯ. ದೊಡ್ಡಮ್ಮ ಅನ್ನುವುದು ಅವಳ ಬಾಯಿಗೆ ಉದ್ದವಾಗಿತ್ತು. ಒಂದು ದಿನ ‘ದೊಡ್ಡ’ ಬಿದ್ದುಹೋಯಿತು, ‘ಅಮ್ಮ’ ಉಳಿಯಿತು. ಬಿದ್ದದ್ದನ್ನು ನಾನು ಎತ್ತಿಕೊಡಲಿಲ್ಲ. ನೀನು ಫೋಟೋ ಕಳಿಸಿದಾಗ, ಇದು ಯಾರು ಅಂತ ಕೇಳಿದಳು. ನನ್ನ ತಂಗಿ ಅಂದೆ. ಸುಳ್ಳಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಪಕ್ಕದ ಮನೆಯ ಮಗು ತಾಯಿಯ ತಂಗಿಯನ್ನು ಚಿಕ್ಕಮ್ಮ ಅನ್ನುವುದನ್ನು ಕೇಳಿದ್ದಳು. ‘ಹಾಗಾದ್ರೆ ನಂಗೆ ಚಿಕ್ಕಮ್ಮ’ ಅಂದಳು. ಲೆಕ್ಕ ಅವಳೇ ಹಾಕಿದಳು, ನಾನು ತಿದ್ದಲಿಲ್ಲ.

ಇನ್ನೊಂದು ಇದೆ. ಫೋನಿನ ವಿಷಯ. ಅವಳು ಹುಡುಕಿದ್ದು, ಅತ್ತದ್ದು, ಜ್ವರ ಬಂದದ್ದು ಒಂದೇ ಒಂದು ಸಲ. ನಿಲ್ಲಿಸಲು ಹೇಳಿದ ದಿನ ಅವಳು ಅಳಲಿಲ್ಲ. ಫೋನಿನಲ್ಲಿ ನಿನ್ನನ್ನು ನೋಡಿ ‘ಅಮ್ಮ’ ಅಂದಳು, ಹಾಗೇ ತಿರುಗಿ ನನ್ನನ್ನು ನೋಡಿ ‘ಅಮ್ಮ’ ಅಂದಳು. ಆಮೇಲೆ ಗೊತ್ತಾಗದೆ ಇಬ್ಬರ ಮುಖವನ್ನೂ ನೋಡತೊಡಗಿದಳು. ನನಗೆ ತಡೆಯಲಾಗಲಿಲ್ಲ. ಜ್ವರ ಅಂತ ಹೇಳಿಬಿಟ್ಟೆ.

‘ನೂರು ಸಲ’ ಅಂತ ಬರೆದಾಗ ನಿನಗೆ ಅರ್ಥವಾಗಲಿ ಅಂತಲೇ ಬರೆದಿದ್ದೆನೋ, ಆಗದಿರಲಿ ಅಂತಲೋ, ನನಗೇ ಗೊತ್ತಿಲ್ಲ. ನೀನು ಬೆಂಚಿನ ಮೇಲೆ ಕೂತು ಅತ್ತದ್ದನ್ನು ಓದಿದ ಮೇಲೆ ಹೇಳುವ ಧೈರ್ಯ ಬರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಇದು ನೆಪವಲ್ಲ, ಇದ್ದದ್ದು.

ಅಕ್ಕ


ಜುಲೈ ೫

ನನ್ನ ಮಗಳನ್ನು ನಿನ್ನ ಹತ್ತಿರ ಬಿಟ್ಟು ಬಂದಿದ್ದೆ. ಕೊಟ್ಟು ಬಂದಿರಲಿಲ್ಲ.

ಎಂಟು ತಿಂಗಳು ಇಲ್ಲಿ ಬಾಗಿಲು ಬಾಗಿಲು ತಟ್ಟಿದೆ. ಎಂಜಲು ಬಟ್ಟಲು ತೊಳೆದೆ, ನೆಲ ಒರೆಸಿದೆ, ಇಲ್ಲ ಅಂದವರಿಗೆಲ್ಲ ಥ್ಯಾಂಕ್ಸ್ ಹೇಳಿದೆ. ಪ್ರತಿ ಸಲ ಹೊರಗೆ ಬಂದು, ಅವಳು ದಿನಕ್ಕೆ ನೂರು ಸಲ ನನ್ನನ್ನು ಕೂಗುತ್ತಾಳೆ ಅಂತ ಹಲ್ಲು ಕಚ್ಚಿಕೊಂಡು ಮುಂದಿನ ಬಾಗಿಲಿಗೆ ಹೋದೆ. ಅವಳು ಕೂಗುತ್ತಿದ್ದದ್ದು ನಿನ್ನನ್ನು. ನೀನು ಓ ಅನ್ನುತ್ತಿದ್ದೆ. ಹಾಗಿದ್ದೂ ನನ್ನ ಕಾಗದ ಓದಿ ಮಡಚಿ ಇಟ್ಟೆ.

ಇವತ್ತಿನಿಂದಲೇ ತಿದ್ದು. ದೊಡ್ಡಮ್ಮ ಅಂತಲೇ ಕರೆಯಲಿ. ನಾನು ಯಾರು ಅಂತ ಹೇಳು, ದಿನಾ ಹೇಳು. ನಾನು ಇಲ್ಲಿ ರಕ್ತ ಕೊಟ್ಟಾಗಿದೆ. ಅಲ್ಲಿ ಅವಳದ್ದನ್ನು ಯಾವ ಆಸ್ಪತ್ರೆಯಲ್ಲಿ ಕೊಡಬೇಕು ಅಂತ ಭಾವನಿಗೆ ಕಳಿಸಿದ್ದೇನೆ. ಸೆಪ್ಟೆಂಬರ್ ಹದಿನಾಲ್ಕಕ್ಕೆ ತೊಂಬತ್ತು ದಿನ ಮುಗಿಯುತ್ತದೆ.


ಆಗಸ್ಟ್ ೩

ಏನಮ್ಮಾ, ಚೆನ್ನಾಗಿದ್ದೀಯಾ?

ನಿನ್ನ ಭಾವ ಬರೆಯುವುದು. ಟೈರಿನ ನಂಬರು ಬರೆದು ಬರೆದು ನನ್ನ ಕೈ ಹಾಗೇ ಆಗಿದೆ, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದಿಕೋ.

ಆಸ್ಪತ್ರೆಯಲ್ಲಿ ಹೇಳಿಟ್ಟು ಬಂದಿದ್ದೇನೆ. ಆಗಸ್ಟ್ ಇಪ್ಪತ್ತೆಂಟಕ್ಕೆ ಬರಲು ಹೇಳಿದ್ದಾರೆ. ನಾನೇ ಕರೆದುಕೊಂಡು ಹೋಗುತ್ತೇನೆ. ಅದರಲ್ಲಿ ಎರಡು ಮಾತಿಲ್ಲ. ನೀನು ತಾಯಿ. ನಿನ್ನ ಅಕ್ಕ ಮಾಡಿದ್ದು ತಪ್ಪು. ಕಣ್ಣಿಂದ ನೋಡುತ್ತಾ ನಾನು ಸುಮ್ಮನಿದ್ದದ್ದೂ ತಪ್ಪು.

ನೀನು ಹೇಳಿದ ಹಾಗೆ ನಿನ್ನ ಅಕ್ಕ ಮಗುವನ್ನು ತಿದ್ದುತ್ತಿದ್ದಾಳೆ. ಬೆಳಿಗ್ಗೆ ಎದ್ದರೆ ಅದೇ ಪಾಠ. ದೊಡ್ಡಮ್ಮ ಅನ್ನು, ದೊಡ್ಡಮ್ಮ ಅನ್ನು. ಅಮ್ಮ ಅಂದರೆ ತಿರುಗಿ ನೋಡುವುದಿಲ್ಲ, ಮಿಷನ್ನು ತುಳಿಯುತ್ತಲೇ ಇರುತ್ತಾಳೆ. ಕಣ್ಣಲ್ಲಿ ನೀರು ಸುರಿಯುತ್ತಿರುತ್ತದೆ, ಆದರೂ ತಿರುಗುವುದಿಲ್ಲ. ಮೊದಲ ವಾರ ಮಗು ಜಗಳ ಮಾಡಿತು. ಈಗ ಮಾಡುವುದಿಲ್ಲ. ಈಗ ಕರೆಯಬೇಕಾದರೆ ಹತ್ತಿರ ಹೋಗಿ ಬಟ್ಟೆ ಜಗ್ಗುತ್ತದೆ, ಹೆಸರೇ ಹಿಡಿಯುವುದಿಲ್ಲ. ಗುಂಡಿ ಡಬ್ಬಿ ಮುಟ್ಟುವುದಿಲ್ಲ. ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಬಿಟ್ಟಿತ್ತು, ಮತ್ತೆ ಶುರುವಾಗಿದೆ.

ಭಾನುವಾರ ಮೆಟ್ಟಿಲ ಮೇಲೆ ಬಿತ್ತು. ಮೊಣಕಾಲು ತರಚಿ ರಕ್ತ ಬಂತು. ‘ಅಮ್’ ಅಂತ ಶುರುಮಾಡಿದ್ದು ನನ್ನ ಕಿವಿಗೆ ಬಿತ್ತು. ಅಷ್ಟರಲ್ಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು. ನೋವಾದರೆ ಯಾರಾದರೂ ಅಮ್ಮಾ ಅಂತಲೇ ಅಲ್ಲವೇ ಅನ್ನುವುದು, ಮುದುಕ ನಾನೂ ಅನ್ನುತ್ತೇನೆ. ಅದು ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡೇ ಅತ್ತಿತು. ಎತ್ತಿಕೊಂಡೆ. ಕಿವಿಯಲ್ಲಿ ಕೇಳಿತು, ‘ನಾನೇನ್ ತಪ್ಪು ಮಾಡ್ದೆ?’

ಮೊಣಕಾಲು ತೊಳೆದು ಅರಿಶಿನ ಹಚ್ಚಿದೆ. ನಿನಗೆ ಚುಚ್ಚಬೇಕು ಅಂತ ಬರೆದದ್ದಲ್ಲ. ನಿನ್ನಿಂದ ಮುಚ್ಚಿಡುವುದು ಈ ಮನೆಯಲ್ಲಿ ಸಾಕಾಯಿತು ಅಂತ ಬರೆದೆ. ಇಪ್ಪತ್ತೆಂಟಕ್ಕೆ ಹೋಗುತ್ತೇವೆ.

ಭಾವ


ಸೆಪ್ಟೆಂಬರ್ ೨೦

ಅಕ್ಕಾ,

ಭಾವನ ಕಾಗದ ಲ್ಯಾಬಿನಲ್ಲಿ ಊಟದ ಹೊತ್ತಿಗೆ ಓದಿದೆ. ಆವತ್ತೇ ಅವರಿಗೆ ಮೆಸೇಜು ಹಾಕಿದ್ದು ನಿನಗೆ ಗೊತ್ತಿದೆ: ತಿದ್ದಬೇಡಿ, ಆಸ್ಪತ್ರೆಗೆ ಹೋಗಬೇಡಿ. ಆಮೇಲೆ ಒಂದು ತಿಂಗಳು ನಾನು ಏನೂ ಬರೆಯ­ಲಿಲ್ಲ. ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು. ಹದಿನಾಲ್ಕನೆಯ ತಾರೀಖು ಕಳೆಯಿತು. ಮತ್ತೆ ನೋಡಿ ಅಂತ ಕೇಳುವ ಅರ್ಜಿ ನನ್ನ ಮೇಜಿನ ಮೇಲೇ ಇತ್ತು, ಹಾಕಲಿಲ್ಲ.

ನಾನು ದೊಡ್ಡ ಮನಸ್ಸು ಮಾಡಿದೆ ಅಂತ ತಿಳಿಯಬೇಡ. ನನಗೆ ನಿನ್ನ ಮೇಲೆ ಇನ್ನೂ ಕೋಪ ಇದೆ, ಬೇಗ ಹೋಗುವಂಥದ್ದಲ್ಲ. ವಾಪಸು ಬಂದುಬಿಡಲೇ ಅಂತಲೂ ಯೋಚಿಸಿದೆ. ಬಂದರೆ ಒಂದೇ ಮನೆಯಲ್ಲಿ ಕೂತು ನಾನೊಂದು ಕೈ, ನೀನೊಂದು ಕೈ ಹಿಡಿದು ಎಳೆಯುತ್ತೇವೆ. ಕೆಲಸವೂ ಇಲ್ಲದೆ, ಮಗಳೂ ಇಲ್ಲದೆ ನಿನ್ನ ಅಡುಗೆಮನೆಯಲ್ಲಿ ಮತ್ತೆ ಕೂರಬೇಕು.

ಅಮ್ಮ ತೀರಿಕೊಂಡ ವರ್ಷ ನಾನು ನಿನ್ನನ್ನು ಅಮ್ಮ ಅಂತ ಕರೆಯಲು ಶುರುಮಾಡಿದ್ದು ನಿನಗೆ ನೆನಪಿದೆಯಾ? ನನಗೆ ಏಳು ವರ್ಷ, ನಿನಗೆ ಹದಿನೇಳೋ ಹದಿನೆಂಟೋ. ಬಂದ ನೆಂಟರೆಲ್ಲ ಕೂಡಿಸಿಕೊಂಡು ತಿದ್ದಿದರು, ಅವಳು ಅಕ್ಕ, ಅಕ್ಕ ಅನ್ನು, ನಿನ್ನಮ್ಮ ಹೋದಳು ಅಂತ. ಅವರು ಹೇಳಿದ್ದು ನಿಜವೇ. ನಾನು ಎಷ್ಟೋ ದಿನ ಯಾರನ್ನೂ ಏನೂ ಅಂತ ಕರೆಯಲಿಲ್ಲ, ಬಟ್ಟೆ ಜಗ್ಗುತ್ತಿದ್ದೆ. ಭಾವನ ಕಾಗದದಲ್ಲಿ ಅದನ್ನು ಓದಿದ ಮೇಲೆ ನನ್ನ ಕೈ ಆ ಅರ್ಜಿಯ ಮೇಲೆ ಸೈನು ಹಾಕಲಿಲ್ಲ, ಅಕ್ಕ. ಎರಡು ಸಲ ಪೆನ್ನು ತೆಗೆದೆ.

ಅಮ್ಮ ಅಂತಲೇ ಕರೆಯಲಿ. ಕರೆದರೆ ಓ ಅನ್ನು, ಮೊದಲಿನ ಹಾಗೆಯೇ. ಇನ್ನೆಂದೂ ಅವಳು ಬಾಯಿ ಮುಚ್ಚಿಕೊಳ್ಳಬಾರದು. ದೊಡ್ಡವಳಾಗಿ ಕೇಳಿದ ದಿನ ನಾವಿಬ್ಬರೂ ಪಕ್ಕಪಕ್ಕ ಕೂತು ಹೇಳೋಣ. ನೀನೊಬ್ಬಳೇ ಹೇಳಬೇಡ. ಇಷ್ಟು ಮಾತ್ರ ನನಗೆ ಉಳಿಸಿಕೊಡು.

ಡಿಸೆಂಬರಿನಲ್ಲಿ ಮೂರು ವಾರ ರಜ ಕೊಡುತ್ತಾರೆ. ಬರುತ್ತೇನೆ. ಚಿಕ್ಕಮ್ಮ ಬರುತ್ತಾಳೆ ಅಂತ ಅವಳಿಗೆ ಹೇಳಿರು. ಬಾಗಿಲಲ್ಲಿ ನಿಂತು ನೀನು ಅಳಬಾರದು, ಆಗ ನನ್ನ ಕೈಲಿ ಆಗುವುದಿಲ್ಲ.

ಬರಿಗೈಯಲ್ಲಿ ಬರುವುದು ಹೇಗೆ ಅಂತ ನಿನ್ನೆ ಅಂಗಡಿಗೆ ಹೋಗಿದ್ದೆ. ಕೆಂಪು ಬೂಟು, ಬದಿಯಲ್ಲಿ ಬಕಲ್ಲು ಇರುವಂಥದ್ದು, ನೋಡಿದ ಕೂಡಲೇ ಅವಳದ್ದೇ ಅನ್ನಿಸಿತು. ಅಂಗಡಿಯವಳು ಅಳತೆ ಕೇಳಿದಳು. ನಾನು ಎರಡು ಬೆರಳು ಅಗಲಿಸಿ, ಇಷ್ಟು ಅಂತ ತೋರಿಸಿದೆ. ಮಗುವಿಗೆ ವಯಸ್ಸೆಷ್ಟು ಅಂದಳು. ನಾಲ್ಕೂವರೆ ಅಂದೆ. ಅವಳು ನನ್ನ ಬೆರಳನ್ನೇ ನೋಡಿ, ನೀವು ತೋರಿಸುತ್ತಿರುವುದು ಆಗತಾನೇ ನಡೆಯಲು ಕಲಿತ ಮಗುವಿನ ಕಾಲು ಅಂದಳು.

ಒಂದು ಹಾಳೆಯ ಮೇಲೆ ಅವಳನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸು. ಎರಡೂ ಪಾದದ್ದು ಕಳಿಸು.

ನಿನ್ನ ತಂಗಿ